ಸ್ಥಾನ ಉಳಿಯಿತು, ಪಾಲು ಕುಗ್ಗಿತು



ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಮಾತು ಬಂದಾಗಲೆಲ್ಲ ಕರ್ನಾಟಕದಲ್ಲಿ ಒಂದೇ ಆತಂಕ: ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಕ್ಕೆ ರಾಜಕೀಯ ನಷ್ಟವೇ ಬಹುಮಾನವೇ? ಸಿಗುವ ಸಮಾಧಾನವೂ ಪರಿಚಿತವೇ: ಇರುವ ಸ್ಥಾನಗಳಲ್ಲಿ ಒಂದೂ ಕಡಿಮೆಯಾಗದು. ಈ ಮಾತಿನ ಬೆಲೆಯನ್ನು ಅಳೆಯಲು ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ನೋಡಬೇಕು.

1860ರ ದಶಕದಲ್ಲಿ ಒಟಾಗೋದಲ್ಲಿ ಚಿನ್ನ ದೊರೆತು ಜನ ದಕ್ಷಿಣಕ್ಕೆ ಧಾವಿಸಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಉತ್ತರ ದ್ವೀಪ ಮುಂದಾಯಿತು. ಆಕ್ಲೆಂಡ್ ಬೆಳೆದಂತೆ ಅಂತರವೂ ಬೆಳೆಯಿತು. ದಕ್ಷಿಣದ ಪ್ರಾತಿನಿಧ್ಯ ಕರಗದಿರಲೆಂದು 1965ರಲ್ಲಿ ಅದಕ್ಕೆ 25 ಕ್ಷೇತ್ರಗಳನ್ನು ಕಾಯಂಗೊಳಿಸಲಾಯಿತು. ಚುನಾವಣಾ ಪದ್ಧತಿಯೇ ಬದಲಾದಾಗ, 1993ರ ಕಾಯ್ದೆ ಆ ಸಂಖ್ಯೆಯನ್ನು 16 ಎಂದು ನಿಗದಿಪಡಿಸಿತು. ದಕ್ಷಿಣದ ಜನಸಂಖ್ಯೆಯನ್ನು, ಮಾವೊರಿ ಮತದಾರ ಪಟ್ಟಿಯ ಪಾಲನ್ನು ಕಳೆದು, 16ರಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಇಡೀ ದೇಶಕ್ಕೆ ಅಳತೆಗೋಲು. ಉತ್ತರಕ್ಕೆ 1996ರಲ್ಲಿ 44 ಸಾಮಾನ್ಯ ಕ್ಷೇತ್ರಗಳಿದ್ದವು, 2023ರಲ್ಲಿ 49. ದಕ್ಷಿಣ ಒಂದನ್ನೂ ಕಳೆದುಕೊಳ್ಳಲಿಲ್ಲ. ಅದರ ಪಾಲು ಕುಗ್ಗಿತು. (2023ರ ಜನಗಣತಿಯ ನಂತರ ಉತ್ತರ 48ಕ್ಕೆ ಇಳಿದಿದೆ, ಲೆಕ್ಕ ಎರಡೂ ಕಡೆ ವಾಲಬಲ್ಲದು.)

ನಿಗದಿತ ಸಂಖ್ಯೆ ರಕ್ಷಣೆಯೂ ಆಗಬಹುದು, ಬೇಲಿಯೂ ಆಗಬಹುದು. 1867ರಲ್ಲಿ ಮಾವೊರಿಗಳಿಗೆ ನಾಲ್ಕು ಸ್ಥಾನ ಕೊಟ್ಟರು. ಅವರ ಜನಸಂಖ್ಯೆ ಎಷ್ಟೇ ಏರಿದರೂ 1990ರ ದಶಕದವರೆಗೂ ಅದು ನಾಲ್ಕೇ. ಜನಸಂಖ್ಯೆಗೆ ತಕ್ಕಂತೆ ಎಂಬ ನಿಯಮ ಬಂದ ಮೇಲೆ 1996ರಲ್ಲಿ ಐದು, 2002ರಲ್ಲಿ ಏಳು.

ಇಲ್ಲಿ ಕ್ಷೇತ್ರ ರಚನೆಗೆ ಎಣಿಸುವುದು ಮತದಾರರನ್ನಲ್ಲ, ನಿವಾಸಿಗಳನ್ನು. ಶಾಲೆಗೆ ಹೋಗುವ ಮಗುವೂ, ಇನ್ನೂ ಮತದ ಹಕ್ಕು ದೊರೆಯದ ವಲಸಿಗನೂ ಲೆಕ್ಕಕ್ಕೆ ಸೇರುತ್ತಾರೆ. 2023ರ ಜನಗಣತಿಯಲ್ಲಿ ಭಾರತೀಯ ಮೂಲದವರು 2,92,092; ದೇಶದ ಮೂರನೆಯ ಅತಿದೊಡ್ಡ ಜನಾಂಗೀಯ ಸಮುದಾಯ, ಬಹುಪಾಲು ಆಕ್ಲೆಂಡಿನಲ್ಲಿ. ಬೆಂಗಳೂರಿನಲ್ಲಿದ್ದಾಗ ಉತ್ತರದ ಜನಸಂಖ್ಯೆಗೆ ಅಂಜಿದ ಕನ್ನಡಿಗ ಆಕ್ಲೆಂಡಿಗೆ ಬಂದು ತಾನೇ ಆ ಉತ್ತರದ ಜನಸಂಖ್ಯೆಯಾಗಿದ್ದಾನೆ!

ಆದರೂ ಕ್ರೈಸ್ಟ್‌ಚರ್ಚಿನವರು ಇದಕ್ಕಾಗಿ ನಿದ್ದೆಗೆಡಬೇಕಿಲ್ಲ. ಪ್ರತಿ ಮತದಾರನಿಗೂ ಎರಡು ಮತ. ಸಂಸತ್ತಿನಲ್ಲಿ ಪಕ್ಷಗಳ ಬಲ ತೀರ್ಮಾನವಾಗುವುದು ದೇಶವ್ಯಾಪಿ ಪಕ್ಷಮತದಿಂದ. ಕ್ಷೇತ್ರಗಳು ಹೆಚ್ಚಿದರೆ ಪಟ್ಟಿಯ ಸ್ಥಾನಗಳು ಅಷ್ಟು ಇಳಿಯುತ್ತವೆ.

ಕರ್ನಾಟಕಕ್ಕೆ ಆ ಆಸರೆಯಿಲ್ಲ. ಲೋಕಸಭೆಗೆ ಕ್ಷೇತ್ರವೇ ಸರ್ವಸ್ವ. 543ರಲ್ಲಿ 28 ಎಂಬ ಹಂಚಿಕೆ 1971ರ ಜನಗಣತಿಯನ್ನು ಆಧರಿಸಿದ್ದು. 1976ರ 42ನೆಯ ತಿದ್ದುಪಡಿ ಅದನ್ನು ಸ್ತಂಭಿಸಿತು, 2001ರ 84ನೆಯ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ನಾಳೆ ಸದನ ಹಿಗ್ಗಿ, ಕರ್ನಾಟಕಕ್ಕೆ 28ರ ಮೇಲೆ ನಾಲ್ಕಾರು ಸ್ಥಾನ ಹೆಚ್ಚೇ ಸಿಕ್ಕರೂ, ಉತ್ತರದ ರಾಜ್ಯಗಳಿಗೆ ಅದಕ್ಕಿಂತ ವೇಗವಾಗಿ ಹೆಚ್ಚಿದ್ದರೆ, ಕೊಟ್ಟ ಭರವಸೆ ಅಕ್ಷರಶಃ ಪಾಲನೆಯಾಗಿರುತ್ತದೆ, ಪಾಲು ಇಳಿದಿರುತ್ತದೆ.