ಅಪ್ಪನ ಕೃಪೆ, ಮಗನ ಕೋಪ: ಇಬ್ಬರು ಝಾರರ ಆಳ್ವಿಕೆ

(ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ರಷ್ಯಾ ದೇಶವನ್ನು ಆಳಿದ ಇಬ್ಬರು ಝಾರ್ ಚಕ್ರವರ್ತಿಗಳ ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ. ಒಬ್ಬನು ಎರಡನೆಯ ಅಲೆಕ್ಸಾಂಡರ್. 1855ರಿಂದ 1881ರವರೆಗೆ ಆಳಿದನು. ಇನ್ನೊಬ್ಬನು ಅವನ ಮಗ, ಮೂರನೆಯ ಅಲೆಕ್ಸಾಂಡರ್. 1881ರಿಂದ 1894ರವರೆಗೆ ಆಳಿದನು. ತಂದೆಗೆ 'ವಿಮೋಚಕ' ಎಂಬ ಬಿರುದು. ಮಗನಿಗೆ ಚರಿತ್ರೆಯಲ್ಲಿ ಪ್ರತಿಗಾಮಿ ಎಂಬ ಹೆಸರು. ಒಬ್ಬನು ಒಳ್ಳೆಯ ಅರಸು, ಇನ್ನೊಬ್ಬನು ಕೆಟ್ಟ ಅರಸು ಎಂದು ತೀರ್ಪು ಕೊಟ್ಟು ಎದ್ದು ಹೋಗುವುದು ಸುಲಭ. ಆದರೆ ತಕ್ಕಡಿ ಹಿಡಿದವನು ಮೂಟೆಯ ಮೇಲಿನ ಮುದ್ರೆ ನೋಡಿದರೆ ಸಾಲದು, ಮೂಟೆ ಬಿಚ್ಚಿ ಸರಕು ನೋಡಬೇಕು. ನಾವೂ ಹಾಗೆಯೇ ನೋಡೋಣ.

ಮೊದಲು ತಂದೆಯ ಕಾಲ. ಅವನು ಪಟ್ಟಕ್ಕೆ ಬಂದಾಗ ಕ್ರೈಮಿಯಾ ಯುದ್ಧ ನಡೆದಿತ್ತು. 1856ರಲ್ಲಿ ಅದು ರಷ್ಯಾದ ಸೋಲಿನಲ್ಲಿ ಮುಗಿಯಿತು. ಜೀತದ ದೇಶ ಹೊಸ ಕಾಲದ ಯುದ್ಧಕ್ಕೆ ನಿಲ್ಲಲಾರದು ಎಂಬುದು ಬಯಲಾಯಿತು. ಅದೇ ವರ್ಷ ಮಾಸ್ಕೋ ನಗರದಲ್ಲಿ ಜಮೀನುದಾರರನ್ನು ಕುರಿತು ಅವನು ಒಂದು ಮಾತು ಹೇಳಿದನು: ಜೀತವು ಕೆಳಗಿನಿಂದ ತಾನಾಗಿ ಮುರಿದು ಬೀಳುವ ತನಕ ಕಾಯುವುದಕ್ಕಿಂತ ಮೇಲಿನಿಂದ ನಾವೇ ತೆಗೆಯುವುದು ಲೇಸು ಎಂಬುದು ಅದರ ಅರ್ಥ. ಅಂದರೆ ವಿಮೋಚಕನ ಮನಸ್ಸಿನಲ್ಲಿ ದಯೆ ಇದ್ದೀತು, ಭಯವಂತೂ ಇದ್ದೇ ಇತ್ತು.

1861ರಲ್ಲಿ ಜೀತ ರದ್ದಾಯಿತು. ಎರಡು ಕೋಟಿಗೂ ಮಿಕ್ಕಿದ ಜನ, ಜಮೀನಿನ ಜೊತೆಗೆ ಮಾರಾಟವಾಗುತ್ತಿದ್ದವರು, ಧಣಿಯ ಅಪ್ಪಣೆಯಿಲ್ಲದೆ ಮದುವೆಯಾಗಲಾರದಿದ್ದವರು, ಸ್ವತಂತ್ರರಾದರು. ಇದು ಸಣ್ಣ ಕೆಲಸವಲ್ಲ. ಆದರೆ ಭೂಮಿಯ ಮಾತು ಬಂದಾಗ ಏನಾಯಿತು? ತಲೆತಲಾಂತರದಿಂದ ತಾನೇ ಉತ್ತ ಹೊಲಕ್ಕೆ ರೈತನು ಬೆಲೆ ಕೊಡಬೇಕಾಯಿತು. ಅನೇಕ ಕಡೆ ಆ ಬೆಲೆ ಪೇಟೆಯ ಬೆಲೆಗಿಂತ ಹೆಚ್ಚು. ಸರ್ಕಾರ ಜಮೀನುದಾರನಿಗೆ ಹಣ ಕೊಟ್ಟು ರೈತನನ್ನು ಸಾಲಗಾರನನ್ನಾಗಿ ಮಾಡಿಕೊಂಡಿತು. ನೂರಕ್ಕೆ ವರ್ಷಕ್ಕೆ 6ರಂತೆ 49 ವರ್ಷ ಕಂತು! ಇಲ್ಲಿರುವ ವ್ಯಾಪಾರಿ ಮಿತ್ರರು ಗುಣಿಸಿ ನೋಡಲಿ. ನೂರು ರೂಬಲ್ ಸಾಲಕ್ಕೆ 294 ರೂಬಲ್. ಕಂತಿಗೆ ಇಡೀ ಊರೇ ಜಾಮೀನು. ಒಬ್ಬನು ತಪ್ಪಿದರೆ ಉಳಿದವರು ತೆರಬೇಕು.

ರೈತರು ಇದನ್ನು ನಂಬಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನಾವು ಹೇಳುತ್ತೇವಲ್ಲ, ಹಾಗೆ ಝಾರ್ ದೊರೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಧಣಿಗಳೂ ಅಧಿಕಾರಿಗಳೂ ಅದನ್ನು ಬಚ್ಚಿಟ್ಟಿದ್ದಾರೆ ಎಂದು ಭಾವಿಸಿದರು. ಕಜಾನ್ ಪ್ರಾಂತದ ಬೆಜ್ದ್ನಾ ಎಂಬ ಹಳ್ಳಿಯಲ್ಲಿ ಅಂತೋನ್ ಪೆತ್ರೋವ್ ಎಂಬ ರೈತನು ರಾಜಶಾಸನವನ್ನು ಓದಿ, ಭೂಮಿಯೂ ನಮ್ಮದೇ ಎಂದು ಅರ್ಥ ಹೇಳಿದನು. ಸಾವಿರಾರು ಜನ ಅವನ ಮನೆಯ ಸುತ್ತ ನೆರೆದರು. ಸೈನ್ಯ ಬಂದು ಗುಂಡು ಹಾರಿಸಿತು, ಹತ್ತಾರು ಜನ ಸತ್ತರು. ಪೆತ್ರೋವನನ್ನು ಗುಂಡಿಟ್ಟು ಕೊಂದರು. ಶಾಸನಕ್ಕೆ ಝಾರ್ ರುಜು ಹಾಕಿ ಆಗ ಎರಡು ತಿಂಗಳೂ ಸರಿಯಾಗಿ ಕಳೆದಿರಲಿಲ್ಲ.

1864ರಲ್ಲಿ ಹೊಸ ನ್ಯಾಯಾಲಯಗಳು ಬಂದವು; ಬಹಿರಂಗ ವಿಚಾರಣೆ, ವಕೀಲರು, ಪಂಚರ ತೀರ್ಪು. ಅದೇ ವರ್ಷ ಜೆಮ್‌ಸ್ತ್ವೊ ಎಂಬ ಗ್ರಾಮಾಂತರ ಸಭೆಗಳು, 1870ರಲ್ಲಿ ಪಟ್ಟಣಸಭೆಗಳು. ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಇವುಗಳಿಂದ ನಿಜವಾದ ಉಪಕಾರವಾಯಿತು. ಆದರೆ ದೇಶಕ್ಕೆ ಒಂದು ಶಾಸನಸಭೆ ಮಾತ್ರ ಬರಲಿಲ್ಲ. 1881ರ ಮಾರ್ಚ್ 13ರ ಬೆಳಗ್ಗೆ, ಚುನಾಯಿತರ ಸಲಹೆ ಕೇಳುವ ಒಂದು ಚಿಕ್ಕ ಯೋಜನೆಗೆ ಝಾರ್ ಒಪ್ಪಿಗೆ ಕೊಟ್ಟನು. ಅದೇ ದಿನ ಕ್ರಾಂತಿಕಾರರ ಬಾಂಬಿಗೆ ಬಲಿಯಾದನು. ಮಗ ಬಂದು ಆ ಯೋಜನೆಯನ್ನು ಮೂಲೆಗೆ ಹಾಕಿದನು. ಒಬ್ಬನ ಉಸಿರಿನೊಂದಿಗೆ ಒಂದು ದೇಶದ ಆಶೆಯೂ ಹೋಯಿತೆಂದರೆ, ಆ ಆಶೆಯನ್ನು ಎಂತಹ ಸಣ್ಣ ಮೊಳೆಗೆ ತೂಗುಹಾಕಿದ್ದರು ನೋಡಿ!

ಮಗನ ಕಾಲಕ್ಕೆ ಬರೋಣ. ಗುರುವಾಗಿದ್ದ ಪೊಬೆದೊನೋಸ್ತ್ಸೆವ್ ಬರೆದುಕೊಟ್ಟ ಘೋಷಣೆಯಲ್ಲಿ, ನಿರಂಕುಶ ಪ್ರಭುತ್ವ ಅಲುಗದು ಎಂದು ಸಾರಿದನು. ಅದೇ 1881ರಲ್ಲಿ ವಿಶೇಷ ಕಾನೂನು ಬಂದಿತು. ವಿಚಾರಣೆಯಿಲ್ಲದೆ ಯಾರನ್ನಾದರೂ ಗಡೀಪಾರು ಮಾಡಬಹುದು. 1882ರಲ್ಲಿ ಯಹೂದಿಗಳು ಹಳ್ಳಿಗಳಲ್ಲಿ ಹೊಸದಾಗಿ ನೆಲಸಬಾರದೆಂಬ ಕಟ್ಟಳೆ. 1887ರಲ್ಲಿ ಗಾಡಿ ಹೊಡೆಯುವವರ, ಅಡಿಗೆಯವರ, ಬಟ್ಟೆ ಒಗೆಯುವವರ, ಸಣ್ಣ ಅಂಗಡಿಯವರ ಮಕ್ಕಳನ್ನು ಪ್ರೌಢಶಾಲೆಗೆ ಸೇರಿಸದಿರುವಂತೆ ವಿದ್ಯಾಮಂತ್ರಿಯ ಸುತ್ತೋಲೆ. 1889ರಲ್ಲಿ ಹಳ್ಳಿಗರ ಮೇಲೆ ಕುಲೀನ ಜಮೀನುದಾರರನ್ನೇ ಅಧಿಕಾರಿಗಳನ್ನಾಗಿ ಕೂರಿಸಿದರು. 1892ರಲ್ಲಿ ಪಟ್ಟಣಸಭೆಯ ಮತದಾರರ ಪಟ್ಟಿಯಿಂದ ಸಣ್ಣ ವ್ಯಾಪಾರಿಗಳ ಹೆಸರನ್ನು ಹೊಡೆದು ಹಾಕಿದರು. ತಂದೆ ರುಜು ಹಾಕಿ ಕೊಟ್ಟದ್ದನ್ನು ಮಗ ರುಜು ಹಾಕಿ ಕಿತ್ತುಕೊಂಡನು. 1891-92ರ ಕ್ಷಾಮದಲ್ಲಿ ಹಸಿವಿನಿಂದಲೂ ರೋಗದಿಂದಲೂ ಲಕ್ಷಗಟ್ಟಲೆ ಜನ ಸತ್ತರು; ಧಾನ್ಯದ ರಫ್ತು ನಿಂತದ್ದು ತಡವಾಗಿ.

ಆದರೆ ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಿರಣಿ ಕೆಲಸಗಾರನಿಗೆ ಮೊದಲ ಕಾರ್ಖಾನೆ ಕಾನೂನುಗಳು ಸರಿಯಾಗಿ ಬಂದದ್ದು ಈ ಕಠಿಣ ಮಗನ ಕಾಲದಲ್ಲಿ! 1882ರಲ್ಲಿ 12 ವರ್ಷದೊಳಗಿನ ಮಕ್ಕಳ ದುಡಿಮೆಗೆ ತಡೆಯಾಯಿತು. ಮುಂದಿನದು ಹೇಗೆ ಬಂದಿತು?

ಮಾಸ್ಕೋದ ಪೂರ್ವಕ್ಕೆ ಒರೆಖೊವೊ-ಜುಯೆವೊ ಎಂಬಲ್ಲಿ ಮೊರೊಜೋವನ ಹತ್ತಿ ಗಿರಣಿ. ಎರಡು ವರ್ಷದಲ್ಲಿ ಐದು ಸಲ ಕೂಲಿ ಇಳಿಸಿದ್ದರು. ಬಟ್ಟೆಯಲ್ಲಿ ದೋಷವೆಂದು ದಂಡ, ತಡವಾಯಿತೆಂದು ದಂಡ. ಕೂಲಿಯ ಸುಮಾರು ಕಾಲು ಭಾಗ ದಂಡದಲ್ಲೇ ಹೋಗುತ್ತಿತ್ತು, ದಂಡದ ಹಣ ಧಣಿಯ ಜೇಬಿಗೆ. 1885ರ ಜನವರಿಯಲ್ಲಿ, ಹಬ್ಬದ ದಿನವನ್ನೂ ಕೆಲಸದ ದಿನವೆಂದಾಗ, ಸುಮಾರು 8,000 ಜನ ಕೆಲಸ ನಿಲ್ಲಿಸಿದರು. ಮೊಯಿಸೆಯೆಂಕೊ, ವೋಲ್ಕೋವ್ ಎಂಬ ನೇಕಾರರು ಮುಂದಾಳುಗಳು. ಸೈನ್ಯ ಬಂದಿತು, ನೂರಾರು ಜನರನ್ನು ಊರು ಬಿಡಿಸಿದರು. ಆದರೆ 1886ರಲ್ಲಿ ಮೊಕದ್ದಮೆ ಪಂಚರ ಮುಂದೆ ಬಂದಾಗ ದಂಡದ ಲೆಕ್ಕವೆಲ್ಲ ಬಯಲಾಯಿತು. ಹೊರಿಸಿದ್ದ 101 ಪ್ರಶ್ನೆಗಳಿಗೂ ಪಂಚರು 'ಅಪರಾಧವಿಲ್ಲ' ಎಂದರು. ಕೆಲವೇ ವಾರಗಳಲ್ಲಿ ಸರ್ಕಾರ ಹೊಸ ಕಾನೂನು ಮಾಡಿತು: ಕೂಲಿಯನ್ನು ನಗದಾಗಿ, ಗೊತ್ತಾದ ಅವಧಿಗೆ ಕೊಡಬೇಕು; ದಂಡ ಕೂಲಿಯ ಮೂರರಲ್ಲಿ ಒಂದು ಭಾಗ ಮೀರಬಾರದು; ದಂಡದ ಹಣ ಕೆಲಸಗಾರರ ನಿಧಿಗೆ ಸೇರಬೇಕು. ಇದರ ಜೊತೆಗೆ ಮುಷ್ಕರ ಹೂಡಿದವರಿಗೆ ಜೈಲೆಂದೂ ಬರೆದರು. ಬಿಡುಗಡೆಯಾದ ಮುಂದಾಳುಗಳನ್ನು ನ್ಯಾಯಾಲಯವನ್ನು ಕೇಳದೆಯೇ ಉತ್ತರ ದೇಶಕ್ಕೆ ಗಡೀಪಾರು ಮಾಡಿದರು.

ತಂದೆ ಕೊಟ್ಟ ಪಂಚರ ನ್ಯಾಯ ಆ ನೇಕಾರರಿಗೆ ನೆರವಾಯಿತು, ನಿಜ. ಅರಸರೊಳಗೆ ವ್ಯತ್ಯಾಸವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ನ್ಯಾಯಾಲಯದ ಬಾಗಿಲಿನವರೆಗೆ ದಂಡದ ಲೆಕ್ಕವನ್ನು ಹೊತ್ತು ತಂದವರು ಯಾರು? 8,000 ಜನರ ಒಗ್ಗಟ್ಟು. ಮೃದು ಅರಸನ ಕಾಲದಲ್ಲಿ ರೈತ ಒಂಟಿಯಾಗಿ ನಿಂತು ಸಾಲ ಹೊತ್ತನು. ಕಠಿಣ ಅರಸನ ಕಾಲದಲ್ಲಿ ನೇಕಾರರು ಒಟ್ಟಾಗಿ ನಿಂತು ಕಾನೂನು ಪಡೆದರು.

ಆ 49 ವರ್ಷದ ಕಂತು ಎಂದು ಹೋಯಿತು? 1905ರಲ್ಲಿ ಕಾರ್ಖಾನೆ, ರೈಲು ಎಲ್ಲವೂ ನಿಂತು, ಹಳ್ಳಿಗಳೂ ಎದ್ದ ಮೇಲೆ. ಆ ವರ್ಷದ ನವೆಂಬರಿನಲ್ಲಿ ಎರಡನೆಯ ನಿಕೊಲಾಸ್ ಝಾರ್ ಕಂತನ್ನು ಮೊದಲು ಅರ್ಧಕ್ಕಿಳಿಸಿ, 1907ರಿಂದ ಪೂರ್ತಿ ರದ್ದುಮಾಡುವುದಾಗಿ ಸಾರಿದನು. ವಿಮೋಚಕನು ಹೊರಿಸಿದ ಸಾಲವನ್ನು ಎದ್ದು ನಿಂತ ಜನ ಇಳಿಸಿದರು.

ಕೊಟ್ಟ ಕೈ ಕಸಿಯಲೂ ಬಲ್ಲದು. ಕೊಡುವವನ ಗುಣ ಎಂತಹದೆಂದು ವಿಚಾರಿಸುವ ಮೊದಲು, ಕೊಟ್ಟದ್ದನ್ನು ಕಾಪಾಡುವ ಬಲ ಪಡೆದವರಲ್ಲಿ ಇದೆಯೇ ಎಂದು ಕೇಳಿರಿ. ಸಂಘವೂ, ಮತವೂ, ಆಳುವವನು ಉತ್ತರ ಹೇಳಲೇಬೇಕಾದ ಸಭೆಯೂ ಇಲ್ಲದ ಕಡೆ ಹಕ್ಕು ಎಂಬುದು ಒಬ್ಬನ ಆಯುಷ್ಯದಷ್ಟೇ ಉದ್ದ.