ವಿಮಾನ ಚಾಲಕರೂ ಕಂಪನಿಯ ಬದಲಾವಣೆಯೂ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ನಮಗಿಂತ ಬಲ್ಲವರು ಆಗಲೇ ಆಡಿದ್ದಾರೆ. ನಾವು ಹೊಟ್ಟೆಪಾಡಿಗೆ ಸಂಬಂಧಪಟ್ಟ ಒಂದು ವಿಷಯವನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇವೆ. ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಪುಣೆಯ ಕನ್ನಡಿಗರಲ್ಲಿ ಬಹುಮಂದಿ ಇಲ್ಲಿಗೆ ಬಂದದ್ದೇ ಹೊಟ್ಟೆಪಾಡಿಗಾಗಿ. ಕೆಲವರು ಹೋಟೆಲು ನಡೆಸಲು ಬಂದರು. ಕೆಲವರು ಖಡಕಿಯ, ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಿಗೆ ಬಂದರು. ಅವರ ಮಕ್ಕಳು ಈಗ ಹಿಂಜೆವಾಡಿಯ ಕಂಪ್ಯೂಟರ್ ಕಚೇರಿಗಳಲ್ಲಿದ್ದಾರೆ. ಜಕ್ಕೂರಿನಲ್ಲೋ ಬಾರಾಮತಿಯಲ್ಲೋ ವಿಮಾನ ಹಾರಿಸಲು ಕಲಿತು ಪೈಲಟ್ ಆದ ಹುಡುಗರೂ ಹುಡುಗಿಯರೂ ಈಗ ನಮ್ಮ ಮನೆಗಳಲ್ಲಿ ಉಂಟು. ಅಂಥ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: “ಎದುರು ಕಂಪನಿಯವರು ಕರೆಯುತ್ತಿದ್ದಾರೆ, ಹೋಗಲೇ, ಇಲ್ಲಿಯೇ ಇರಲೇ?”

ಈ ಪ್ರಶ್ನೆ ನಮ್ಮ ದೇಶದಲ್ಲಿ ಬಹಳ ಹಳೆಯದಲ್ಲ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ವಿಮಾನವನ್ನು ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. ಮುಂದೆ ಹಲವು ಕಂಪನಿಗಳು ಹುಟ್ಟಿದವು. ಆದರೆ 1953ರಲ್ಲಿ ಸರ್ಕಾರವು ಅವೆಲ್ಲವನ್ನೂ ವಶಕ್ಕೆ ತೆಗೆದುಕೊಂಡು ಒಳನಾಡಿಗೆ ಇಂಡಿಯನ್ ಏರ್‌ಲೈನ್ಸ್, ಹೊರನಾಡಿಗೆ ಏರ್ ಇಂಡಿಯಾ ಎಂದು ಎರಡೇ ಸಂಸ್ಥೆಗಳನ್ನು ಉಳಿಸಿತು. ಆ ಕಾಯಿದೆ ರದ್ದಾದದ್ದು 1994ರಲ್ಲಿ. ನಡುವಿನ ನಾಲ್ಕು ದಶಕ ಪೈಲಟನಿಗೆ ಎದುರು ಕಂಪನಿ ಎಂಬುದೇ ಇರಲಿಲ್ಲವೆಂದರೆ ತಪ್ಪಾಗದು. 2003ರಲ್ಲಿ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಕಂಪನಿಯನ್ನು ನಡೆಸತೊಡಗಿ, ಬೆಂಗಳೂರು-ಹುಬ್ಬಳ್ಳಿಯಂಥ ದಾರಿಗಳಲ್ಲಿ ಅಗ್ಗದ ದರದಲ್ಲಿ ವಿಮಾನ ಬಿಟ್ಟರು. 2005ರಲ್ಲಿ ಕಿಂಗ್‌ಫಿಷರ್, ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೋ ಬಂದವು. ವಿಮಾನಗಳನ್ನು ಸಾಲ ಮಾಡಿಯಾದರೂ ತರಬಹುದು. ನುರಿತ ಕ್ಯಾಪ್ಟನನನ್ನು ಒಂದು ದಿನದಲ್ಲಿ ತಯಾರಿಸಲಾಗದು. ಆದುದರಿಂದ ಒಬ್ಬರ ಪೈಲಟರನ್ನು ಇನ್ನೊಬ್ಬರು ಕರೆಯುವುದು ಮೊದಲಾಯಿತು.

ಪಿಂಪ್ರಿಯಲ್ಲಿ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗುವ ಫೋರ್‌ಮನ್ ಸಾಮಾನ್ಯವಾಗಿ ಫೋರ್‌ಮನ್ ಆಗಿಯೇ ಹೋಗುತ್ತಾನೆ. ಪೈಲಟನ ಸಂಗತಿ ಬೇರೆ. ಅವನು ಹಾರಿದ ಗಂಟೆಗಳು ಅವನ ಜೊತೆಗೆ ಬರುತ್ತವೆ. ಅವನ ಹಿರಿತನ ಬಾರದು. ಸಾಮಾನ್ಯವಾಗಿ ಹೊಸ ಕಂಪನಿಯ ಪಟ್ಟಿಯಲ್ಲಿ ಅವನ ಹೆಸರು ಕೊನೆಗೆ ಸೇರುತ್ತದೆ. ಯಾರು ಮೊದಲು ಕ್ಯಾಪ್ಟನ್ ಆಗಬೇಕು, ಬೇಡಿದ ಊರು ಯಾರಿಗೆ, ರಜೆ ಯಾರಿಗೆ ಎಂಬುದೆಲ್ಲ ಬಹುಮಟ್ಟಿಗೆ ಆ ಪಟ್ಟಿಯನ್ನೇ ಅವಲಂಬಿಸಿದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಸಂಬಳದ ಅಂಕಿಯನ್ನು ಮಾತ್ರ ನೋಡುವವರು ಲೆಕ್ಕದಲ್ಲಿ ಸೋಲುತ್ತಾರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಸಹಪೈಲಟನಿಗೆ ಈಗಿರುವ ಕಂಪನಿಯಲ್ಲಿ ಕ್ಯಾಪ್ಟನ್ ಆಗಲು 2 ವರ್ಷ ಬೇಕು. ಎದುರು ಕಂಪನಿ ತಿಂಗಳಿಗೆ 50 ಸಾವಿರ ರೂಪಾಯಿ ಹೆಚ್ಚು ಕೊಡುತ್ತದೆ. ಆದರೆ ಅಲ್ಲಿ ಸರದಿ ಬರುವುದು 5 ವರ್ಷಕ್ಕೆ. ಹೋದರೆ 5 ವರ್ಷಗಳಲ್ಲಿ 30 ಲಕ್ಷ ಹೆಚ್ಚು ದೊರೆಯಿತು. ಇದ್ದರೆ, ಕ್ಯಾಪ್ಟನನ ಸಂಬಳ ಸಹಪೈಲಟನದಕ್ಕಿಂತ ತಿಂಗಳಿಗೆ 3 ಲಕ್ಷ ಹೆಚ್ಚೆಂದು ಹಿಡಿದರೆ, ಕೊನೆಯ 3 ವರ್ಷಗಳಲ್ಲಿ 1 ಕೋಟಿ 8 ಲಕ್ಷ ಹೆಚ್ಚು. ಅಂಕಿಗಳು ಕಲ್ಪಿತ, ಆದರೆ ಲೆಕ್ಕದ ರೀತಿ ಇದೇ. ಇದು ತಿರುಗುಮುರುಗಾಗುವುದೂ ಉಂಟು. ಹಳೆಯ ಕಂಪನಿಯಲ್ಲಿ ಸಾಲು ಉದ್ದವಾಗಿದ್ದು, ಹೊಸದು ಬೇಗ ಬೆಳೆಯುತ್ತಿದ್ದರೆ, ಅಲ್ಲಿಗೆ ಮೊದಲು ಹೋದವನಿಗೆ ಕ್ಯಾಪ್ಟನನ ಎಡಗಡೆಯ ಆಸನ ಬೇಗ ಸಿಗಬಹುದು.

ಸಂಬಳದ ಅಂಕಿಯ ಹಿಂದೆಯೂ ನೋಡತಕ್ಕದ್ದುಂಟು. ಎಷ್ಟು ಗಂಟೆಗೆ ಸಂಬಳ ಖಚಿತ, ಎಷ್ಟು ಹಾರಿದರೆ ಮಾತ್ರ ದೊರೆಯುತ್ತದೆ? 2024ರಲ್ಲಿ ಏರ್ ಇಂಡಿಯಾದೊಡನೆ ವಿಲೀನವಾಗಲಿದ್ದ ವಿಸ್ತಾರಾದಲ್ಲಿ, ಹಿಂದೆ ತಿಂಗಳಿಗೆ 70 ಗಂಟೆಗೆ ಖಚಿತವಾಗಿದ್ದ ಸಂಬಳವನ್ನು 40 ಗಂಟೆಗೆ ಇಳಿಸುವ ಹೊಸ ಒಪ್ಪಂದ ಬಂದಿತು. ಪೈಲಟರ ಅಸಮಾಧಾನ, ಪೈಲಟರ ಕೊರತೆ ಎರಡೂ ಕೂಡಿ, ಏಪ್ರಿಲ್ ತಿಂಗಳಲ್ಲಿ ಕಂಪನಿಯು ದಿನಕ್ಕೆ 25ರಿಂದ 30 ಹಾರಾಟಗಳನ್ನು ಕಡಿಮೆ ಮಾಡಬೇಕಾಯಿತು. ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಪೈಲಟನ ಸಂಪಾದನೆ ನಿಲ್ಲಬಹುದು; ಅದಕ್ಕೆ ಹೊಸ ಕಂಪನಿಯಲ್ಲಿ ವಿಮೆ ಉಂಟೋ, ಯಾವ ದಿನದಿಂದ? ವಿಮಾನದ ಜಾತಿ ಬದಲಾದರೆ, ಅಂದರೆ ಏರ್‌ಬಸ್ ಬಿಟ್ಟು ಬೋಯಿಂಗಿಗೆ ಹೋದರೆ, ಮತ್ತೆ ತರಬೇತಿಯಾಗಬೇಕು. ಅದರ ಖರ್ಚು ಯಾರದು, ಇಷ್ಟು ವರ್ಷ ಬಿಡುವುದಿಲ್ಲವೆಂಬ ಮುಚ್ಚಳಿಕೆ ಬರೆದುಕೊಡಬೇಕೋ?

ನಮ್ಮಂಥ ಸಂಸಾರಸ್ಥರಿಗೆ ಇನ್ನೂ ಮುಖ್ಯವಾದದ್ದು ನೆಲೆ ಯಾವ ಊರಿನಲ್ಲಿ ಎಂಬುದು. ಮನೆ ಪುಣೆಯಲ್ಲಿದ್ದು ನೆಲೆ ದೆಹಲಿಯಾದರೆ, ಬಿಡುವಿನ ದಿನವೆಲ್ಲ ಹೋಗಿಬರುವುದರಲ್ಲಿಯೇ ಕಳೆಯುತ್ತದೆ. ಅಂಥ ವಿಶ್ರಾಂತಿ ಕಾಗದದ ಮೇಲೆ ಮಾತ್ರ. 2025ರಲ್ಲಿ ಸರ್ಕಾರದ ವಿಮಾನಯಾನ ಮಹಾನಿರ್ದೇಶನಾಲಯವು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ರಾತ್ರಿಯ ಇಳಿತಗಳನ್ನು ಮಿತಗೊಳಿಸುವ ಎರಡನೆಯ ಹಂತ ಅದೇ ವರ್ಷದ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ಜಾರಿಗೆ ಬಂದಿತು. ಅದಕ್ಕೆ ಸಾಕಷ್ಟು ಸಿದ್ಧತೆ ಇಲ್ಲದೆ ಇಂಡಿಗೋದ ಸಾವಿರಾರು ಹಾರಾಟಗಳು ಡಿಸೆಂಬರಿನಲ್ಲಿ ರದ್ದಾದವು. ನಮ್ಮ ಲೋಹಗಾಂವ್ ನಿಲ್ದಾಣದಲ್ಲಿಯೂ ಪ್ರಯಾಣಿಕರು ಪಟ್ಟ ಪಾಡನ್ನು ತಾವು ಬಲ್ಲಿರಿ. ಪೈಲಟರ ಸಂಖ್ಯೆಯನ್ನು ತೀರ ಬಿಗಿಯಾಗಿ ಇಟ್ಟುಕೊಂಡ ಕಂಪನಿಯಲ್ಲಿ ಕೆಲಸದ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ಸೇರುವ ಮೊದಲೇ ಅಲ್ಲಿರುವವರಿಂದ ಕೇಳಿ ತಿಳಿಯಬೇಕು.

ಇನ್ನು ಕಂಪನಿಯ ಆಯುಷ್ಯ. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಅದನ್ನು ಮತ್ತೆ ಎಬ್ಬಿಸುವ ಪ್ರಯತ್ನಗಳೂ ಕೈಗೂಡದೆ 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆಸ್ತಿ ಮಾರಾಟಕ್ಕೆ ಆದೇಶ ಕೊಟ್ಟಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಕಿಂಗ್‌ಫಿಷರಿನಲ್ಲಿಯೂ ಜೆಟ್‌ನಲ್ಲಿಯೂ ವಿಮಾನ ನಿಲ್ಲುವ ಮೊದಲೇ ಸಂಬಳ ತಡವಾಗತೊಡಗಿತ್ತು. ನೂರು ವಿಮಾನಗಳಿಗೆ ಆರ್ಡರು ಕೊಟ್ಟಿದ್ದಾರೆಂಬ ಸುದ್ದಿಗಿಂತ, ಕಳೆದ ತಿಂಗಳ ಸಂಬಳ ಯಾವ ತಾರೀಖಿಗೆ ಬಂದಿತು, ಪ್ರಾವಿಡೆಂಟ್ ಫಂಡಿನ ಹಣ ಕಟ್ಟಿದ್ದಾರೆಯೇ ಎಂಬುದು ಹೆಚ್ಚು ನಂಬತಕ್ಕ ಸಾಕ್ಷಿ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎದುರು ಕಂಪನಿಗೂ ಸಲ್ಲುತ್ತದೆ. ಆದರೆ ತಾನಿರುವ ಕಂಪನಿಯೇ ಕುಸಿಯುತ್ತಿದ್ದರೆ ಕೊನೆಯವರೆಗೆ ಕಾದು ಕೂಡುವುದು ಜಾಣತನವಲ್ಲ. ಮೊದಲು ಹೋದವರು ಹೊಸ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತಾರೆ. ಕೊನೆಗೆ ಹೋದವರು ಅವರ ಕೆಳಗೆ.

ಹಾಗಾದರೆ ನಿಷ್ಠೆಯ ಮಾತೇನು ಎಂದು ಹಿರಿಯರು ಕೇಳಬಹುದು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಾವೆಲ್ಲ ಕಲಿತವರು. ನೆನೆಯುವುದು ಬೇರೆ, ಅವರಲ್ಲಿಯೇ ಮುಪ್ಪಾಗುವುದು ಬೇರೆ. ಕೆಲಸ ಬಿಡುವುದು ದ್ರೋಹವಲ್ಲ. ಬಿಡುವ ರೀತಿಯಲ್ಲಿ ದೋಷವಿರಬಹುದು. 2005ರಲ್ಲಿ ಮಹಾನಿರ್ದೇಶನಾಲಯವು ಪೈಲಟರು 6 ತಿಂಗಳ ನೋಟೀಸು ಕೊಡಬೇಕೆಂದು ವಿಧಿಸಿತು. 2017ರಲ್ಲಿ ಕ್ಯಾಪ್ಟನರಿಗೆ ಅದನ್ನು ಒಂದು ವರ್ಷಕ್ಕೆ ಏರಿಸಿತು. ಇದು ಕಟ್ಟಿಹಾಕುವ ನಿಯಮವೆಂದು ಪೈಲಟರ ಸಂಘಗಳು ನ್ಯಾಯಾಲಯಕ್ಕೆ ಹೋದವು. ಅವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಒಂದು ವರ್ಷವೆಂಬುದು ದೀರ್ಘಕಾಲವೇ ಸರಿ. ಆದರೆ 2023ರಲ್ಲಿ ಆಕಾಸ ಏರ್ ಕಂಪನಿಯ 43 ಪೈಲಟರು ನೋಟೀಸಿನ ಅವಧಿ ಮುಗಿಸದೆ ಹೋದಾಗ, ಕಂಪನಿ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಹಾರಾಟಗಳು ರದ್ದಾದವು. ಅದರ ನಷ್ಟವನ್ನು ಉಂಡವರಲ್ಲಿ ಆ ಜಗಳಕ್ಕೆ ಏನೂ ಸಂಬಂಧವಿಲ್ಲದ ಪ್ರಯಾಣಿಕರೂ ಇದ್ದರು: ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು. ಕಂಪನಿಯು ಸಂಬಳವನ್ನೇ ಕೊಡದಿದ್ದರೆ ಮಾತು ಬೇರೆ. ಕೊಡುತ್ತಿದ್ದರೆ ಅವಧಿ ಮುಗಿಸಿ, ಕಾಗದಪತ್ರ ಸರಿಪಡಿಸಿಕೊಂಡು, ಕೈಕುಲುಕಿ ಹೊರಡಬೇಕು. ಈ ವೃತ್ತಿಯ ಪ್ರಪಂಚ ಚಿಕ್ಕದು. ಇಂದು ಬಿಟ್ಟ ಕಂಪನಿಯೇ ವಿಲೀನದಿಂದ ನಾಳೆ ಮತ್ತೆ ನಮ್ಮ ಯಜಮಾನನಾಗಿ ಬರಬಹುದು.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. 200 ಗಂಟೆ ಹಾರಿ ಪೈಲಟನ ಲೈಸೆನ್ಸು ಪಡೆಯುವಷ್ಟರಲ್ಲಿ ಅನೇಕ ಮನೆಗಳ ಮೇಲೆ ದೊಡ್ಡ ಸಾಲವೇ ನಿಂತಿರುತ್ತದೆ. ಸಾಲ ಬೇಗ ತೀರಲೆಂದು ಹೆಚ್ಚು ಸಂಬಳದ ಕಡೆಗೆ ಮಕ್ಕಳನ್ನು ನೂಕುವುದು ಸಹಜ. ಆದರೆ ದಣಿದ ಕಣ್ಣಿನಿಂದ ಬೆಳಗಿನ ಜಾವ ವಿಮಾನ ಇಳಿಸತಕ್ಕವರು ಅವರು, ನಾವಲ್ಲ. ಅವರ ಬೆನ್ನ ಹಿಂದೆ ನೂರೆಂಬತ್ತು ಜನ ಕುಳಿತಿರುತ್ತಾರೆ. ಆದುದರಿಂದ ಲೆಕ್ಕವನ್ನು ಮನೆಯವರೆಲ್ಲ ಕುಳಿತು ಮಾಡಿರಿ: ಸರದಿ, ನೆಲೆ, ವಿಶ್ರಾಂತಿ, ಕಂಪನಿಯ ನಡತೆ, ಇವಾದ ಮೇಲೆ ಸಂಬಳ. ನಾಲ್ಕರಲ್ಲಿ ಮೂರು ಎದುರು ಕಂಪನಿಯ ಪರವಾಗಿದ್ದರೆ ಧೈರ್ಯವಾಗಿ ಹೋಗಲಿ. ಸಂಬಳವೊಂದೇ ಅದರ ಪರವಾಗಿದ್ದರೆ ಇದ್ದಲ್ಲಿಯೇ ಇರಲಿ. ತೀರ್ಮಾನ ಮಾತ್ರ ಮಕ್ಕಳದೇ ಆಗಿರಲಿ.

ಊರು ಬಿಟ್ಟು ಬಂದು ಪುಣೆಯಲ್ಲಿ ನೆಲೆನಿಂತ ನಮಗೆ ಬಿಡುವುದು, ಸೇರುವುದು ಎರಡೂ ಹೊಸವಲ್ಲ. ಆ ಅನುಭವ ಮುಂದಿನವರಿಗೆ ಉಪಯೋಗಕ್ಕೆ ಬರಲೆಂದು ಈ ನಾಲ್ಕು ಮಾತುಗಳನ್ನು ಆಡಿದೆವು.