ಕೋಟೆ ಮೇಲಿಂದ ಕಂಡ ಹೆಂಚುಗಳು



ಹೋದ ವರ್ಷ ಹೆಂಡತಿಯೊಂದಿಗೆ ಮೆಡಿಟರೇನಿಯನ್ ಕಡೆ ಕ್ರೂಸ್ ಹಡಗಿನಲ್ಲಿ ಹೋಗಿದ್ದೆ. ಒಂದು ದಿನ ಹಡಗು ಕ್ರೊಯೇಷಿಯಾದ ಡುಬ್ರೋವ್ನಿಕ್‌ನಲ್ಲಿ ನಿಂತಿತು. ಸಂಜೆಯೊಳಗೆ ವಾಪಸ್ ಹತ್ತಬೇಕಿತ್ತು. ಅದು ಮಧ್ಯಯುಗದ ಕೋಟೆಪಟ್ಟಣ. ಸುತ್ತಲೂ 1,940 ಮೀಟರ್ ಉದ್ದದ ಗೋಡೆ. ಕೆಲವೆಡೆ 25 ಮೀಟರ್ ಎತ್ತರ. ಟಿಕೆಟ್ ತೆಗೆದುಕೊಂಡು ಗೋಡೆಯ ಮೇಲೆಯೇ ಒಂದು ಸುತ್ತು ನಡೆದೆವು. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಮನೆಗಳ ಮಾಡು. ಕೆಳಗೆ ಬಟ್ಟೆ ಒಣಹಾಕಿದ್ದರು. ಜನ ಈಗಲೂ ಅಲ್ಲೇ ಬಾಳುತ್ತಿದ್ದಾರೆ.

ಹೆಂಚುಗಳಲ್ಲಿ ಎರಡು ಬಣ್ಣ ಕಂಡವು. ಅಲ್ಲಲ್ಲಿ ಮಾಸಿದ ಹಳೆಯವು, ಉಳಿದವು ಹೊಳೆಯುವ ಕೆಂಪು. ಕಾರಣ ತಿಳಿದದ್ದು ಹೆಬ್ಬಾಗಿಲ ಬಳಿಯ ನಕ್ಷೆ ನೋಡಿದಾಗ. 1991-92ರ ಯುದ್ಧದಲ್ಲಿ ಶೆಲ್ ಬಿದ್ದ ಜಾಗಗಳನ್ನು ಅದರಲ್ಲಿ ಗುರುತು ಮಾಡಿದ್ದಾರೆ. ಹಳೆಪೇಟೆಯ ಕಟ್ಟಡಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಏಟು ಬಿದ್ದಿತ್ತು. 1667ರಲ್ಲೂ ಭೂಕಂಪದಿಂದ ಊರು ನೆಲಕಚ್ಚಿತ್ತು. ಎರಡು ಸಲವೂ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಂಡರು.

ನನಗೆ ನಮ್ಮ ಎಂಟನೇ ತರಗತಿಯ ಹೆಂಚಿನ ಕೋಣೆ ನೆನಪಾಯಿತು. ಮಳೆಗಾಲದಲ್ಲಿ ಸೋರುತ್ತಿತ್ತು, ಬೆಂಚು ಸರಿಸಿಕೊಂಡು ಪಾಠ ಕೇಳುತ್ತಿದ್ದೆವು. ಅದನ್ನು ಕೆಡವುವ ಮಾತು ನಡೆದಿದೆ. ಫೋನಿನಲ್ಲಿ ಕೇಳಿದಾಗ ನಾನೂ ಹೂಂ ಎಂದಿದ್ದೆ. ಈಗ ಆ ಮಾತು ಹಿಂತೆಗೆದುಕೊಳ್ಳುತ್ತೇನೆ. ನಾನು ಬಿ.ಇ. ಓದಿದವನಾದರೂ ಕಂಪ್ಯೂಟರಿನವನು, ಗೋಡೆಯ ವಿಷಯ ಗೊತ್ತಿಲ್ಲ. ಮೊದಲು ಸಿವಿಲ್ ಎಂಜಿನಿಯರಿಗೆ ತೋರಿಸೋಣ. ಮಕ್ಕಳಿಗೆ ಅಪಾಯವೆಂದರೆ ಕೆಡವುವುದೇ ಸರಿ. ಗೋಡೆ ಗಟ್ಟಿ ಇದ್ದರೆ ಒಡೆದ ಹೆಂಚಷ್ಟೇ ಬದಲಿಸೋಣ. ಆ ಖರ್ಚು ನಮ್ಮ ಬ್ಯಾಚಿನದು. ಬಣ್ಣ ಎರಡಾಗಿ ಕಂಡರೆ ಕಾಣಲಿ.